ಕಿಲುಬು ಮಜ್ಜಿಗೆ

ಬೆಳಗ್ಗೆ ಏಳೂವರೆಗೆ ಯಾರ್ಡಿನ ಗೇಟು ತೆಗೆಯುತ್ತಾರೆ. ಕೆಲಸಕ್ಕೆ ಬಂದವರು ಎಡಗೈ ಮಣಿಕಟ್ಟನ್ನು ಮೇಲೆ ಮಾಡಿಕೊಂಡು ಒಬ್ಬರ ಹಿಂದೊಬ್ಬರು ನಿಲ್ಲಬೇಕು. ಮಣಿಕಟ್ಟಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಪಟ್ಟಿ ಅಂಟಿರುತ್ತದೆ. ಮೇಲ್ವಿಚಾರಕ ಲಿಖಿತ್ ಅದಕ್ಕೆ ಒಂದು ಪುಟ್ಟ ಕ್ಯಾಮೆರಾ ಹಿಡಿಯುತ್ತಾನೆ. ಪಟ್ಟಿ ನೀಲಿಯಾಗಿದ್ದರೆ ಒಳಗೆ, ಬೆಳ್ಳಗಾಗಿದ್ದರೆ ವಾಪಸ್ಸು. ಮಾತಿಲ್ಲ, ಕತೆಯಿಲ್ಲ. ಮುನ್ನೂರು ಜನರ ರಕ್ತಪರೀಕ್ಷೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ.

ಇದು ೨೦೫೯ನೇ ಇಸವಿಯ ಮಾತು. ಆಂಧ್ರದ ಗಡಿಗೆ ತಾಗಿದ ಹೊಸಗುಡ್ಡದ ಬಯಲಿನಲ್ಲಿ ಹಳೆಯ ಸೌರ ಫಲಕಗಳನ್ನು ಒಡೆಯುವ ಯಾರ್ಡು ಅದು. ಮೂವತ್ತು ಮೂವತ್ತೈದು ವರ್ಷ ಬಿಸಿಲು ಕುಡಿದು ಕರೆಂಟು ಕೊಟ್ಟು ಸುಸ್ತಾದ ಫಲಕಗಳು ಲಾರಿಗಟ್ಟಲೆ ಬಂದು ಬೀಳುತ್ತವೆ. ಗಾಜು ಬಿಡಿಸಿ, ಪ್ಲಾಸ್ಟಿಕ್ಕಿನ ಪದರ ಸುಟ್ಟು, ಉಳಿದದ್ದನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿ, ಆ ಪುಡಿಯಿಂದ ಬೆಳ್ಳಿ, ತಾಮ್ರ, ಕ್ಯಾಡ್ಮಿಯಂ ತೆಗೆಯುತ್ತಾರೆ. ಬೆಳ್ಳಿ ಕಂಪನಿಗೆ ಹೋಗುತ್ತದೆ. ಕ್ಯಾಡ್ಮಿಯಂ ಕೂಡ ಕಂಪನಿಗೇ ಹೋಗಬೇಕು, ಆದರೆ ಅದರಲ್ಲಿ ಒಂದು ಪಾಲು ಧೂಳಾಗಿ ಕೆಲಸದವರ ಮೂಗಿಗೆ ಹೋಗುತ್ತದೆ. ಒಮ್ಮೆ ಒಳಗೆ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಬಿಡಾರ ಹೂಡಿತೆಂದರೆ ಇಪ್ಪತ್ತು ವರ್ಷವಾದರೂ ಅಲ್ಲಾಡುವುದಿಲ್ಲ. ಮೊದಲು ಸೊಂಟನೋವು, ಆಮೇಲೆ ಮೂಳೆ ಸವೆತ, ಕೊನೆಗೆ ಡಯಾಲಿಸಿಸ್ಸು. ಅಷ್ಟು ದೂರ ಹೋಗುವ ಮೊದಲೇ ಎಚ್ಚರಿಸಲೆಂದು ಹುಟ್ಟಿದ್ದು ಈ ನೀಲಿ ಪಟ್ಟಿ.

ಹುಟ್ಟಿಸಿದವಳು ಡಾಕ್ಟರ್ ಇಂಚರ. ಜೀವರಸಾಯನಶಾಸ್ತ್ರಜ್ಞೆ, ಮೂವತ್ತೆಂಟು ವರ್ಷ, ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಕೆಲಸ. ಬುದ್ಧಿವಂತೆ ಮತ್ತು ಒಳ್ಳೆಯವಳು. ಒಳ್ಳೆಯವಳು ಎಂಬುದನ್ನು ಈಗಲೇ ಹೇಳಿಬಿಡುವುದು ವಾಸಿ, ಮುಂದೆ ಹೇಳಲು ಜಾಗ ಸಿಗಲಿಕ್ಕಿಲ್ಲ.

ಪಟ್ಟಿಯ ತತ್ವ ಸರಳವಾದದ್ದು. ನಮ್ಮ ಮೈಗೆ ಒಂದಿಷ್ಟು ತಾಮ್ರ ಬೇಕೇ ಬೇಕು. ಆದರೆ ಅದನ್ನು ರಕ್ತದಲ್ಲಿ ಬೀದಿಬಸವನ ಹಾಗೆ ಬಿಟ್ಟರೆ ಸಿಕ್ಕಸಿಕ್ಕಲ್ಲಿ ಹಾನಿ ಮಾಡುತ್ತದೆ. ಅದಕ್ಕೇ ದೇಹ ತಾಮ್ರವನ್ನು ಹೊರಲೆಂದೇ ಕೆಲವು ಪ್ರೋಟೀನುಗಳನ್ನು ಇಟ್ಟುಕೊಂಡಿದೆ. ಅಂಥ ಪ್ರೋಟೀನಿನಲ್ಲಿ ಗಂಧಕದ ಪರಮಾಣು ಇರುವ ಒಂದು ಗೂಡು ಇರುತ್ತದೆ. ತಾಮ್ರದ ಅಯಾನು, ಎಂದರೆ ವಿದ್ಯುತ್ತಿನ ಆವೇಶ ಹೊತ್ತ ತಾಮ್ರದ ಪರಮಾಣು, ಆ ಗೂಡಿನಲ್ಲಿ ಕೂತು ಪ್ರಯಾಣ ಮಾಡುತ್ತದೆ. ತೊಂದರೆ ಏನೆಂದರೆ ಗಂಧಕ ಕಂಡರೆ ತಾಮ್ರಕ್ಕೆ ಮಾತ್ರವಲ್ಲ, ಬೆಳ್ಳಿಗೂ ಪಾದರಸಕ್ಕೂ ಕ್ಯಾಡ್ಮಿಯಂಗೂ ಪ್ರೀತಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ ಅವು ತಾಮ್ರದ ಜಾಗದಲ್ಲಿ ಕೂತುಬಿಡುತ್ತವೆ. ಇಂಚರ ಒಂದು ಬ್ಯಾಕ್ಟೀರಿಯಾದಿಂದ ಇಂಥದೇ ಪ್ರೋಟೀನನ್ನು ತೆಗೆದು, ಅದರ ಗೂಡನ್ನು ಸ್ವಲ್ಪ ತಿದ್ದಿ, ಪಟ್ಟಿಯೊಳಗೆ ತುಂಬಿದಳು. ಪಟ್ಟಿಯ ಅಡಿಯಲ್ಲಿರುವ ಕೂದಲಿಗಿಂತ ಸಣ್ಣ ಸೂಜಿಗಳು ಚರ್ಮದ ಕೆಳಗಿನ ದ್ರವವನ್ನು ಹೀರಿ ಅದಕ್ಕೆ ಮುಟ್ಟಿಸುತ್ತವೆ. ಗೂಡಿನಲ್ಲಿ ತಾಮ್ರ ಕೂತಿರುವಷ್ಟು ದಿನ ಆ ಪ್ರೋಟೀನಿನ ಬಣ್ಣ ನೀಲಿ. ಕ್ಯಾಡ್ಮಿಯಮ್ಮೋ ಬೆಳ್ಳಿಯೋ ಬಂದು ತಾಮ್ರವನ್ನು ಎಬ್ಬಿಸಿದರೆ ಬಣ್ಣ ಹೋಗಿ ಬೆಳ್ಳಗಾಗುತ್ತದೆ.

ಇಂಚರ ಸರ್ಕಾರಕ್ಕೆ ಮಾಡಿದ ಶಿಫಾರಸು ಹೀಗಿತ್ತು: ಪಟ್ಟಿ ಬೆಳ್ಳಗಾದವರಿಗೆ ಮೂರು ತಿಂಗಳು ಸಂಬಳ ಸಹಿತ ವಿಶ್ರಾಂತಿ ಕೊಡಬೇಕು, ಮೂರು ಸಲ ಬೆಳ್ಳಗಾದವರನ್ನು ಮತ್ತೆ ಲೋಹದ ಕೆಲಸಕ್ಕೆ ಹಚ್ಚಬಾರದು. ಅದು ಕಾನೂನಾಗಿ ಹೊರಬಂದಾಗ ‘ಸಂಬಳ ಸಹಿತ’ ಎಂಬ ಎರಡು ಪದ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿದ್ದವು. ಮಿಕ್ಕಿದ್ದೆಲ್ಲ ಅಚ್ಚುಕಟ್ಟಾಗಿ ಉಳಿದಿತ್ತು. ಮೂರು ಸಲ ಬೆಳ್ಳಗಾದವರ ಹೆಸರು ಕಂಪ್ಯೂಟರಿಗೆ ಸೇರಿ ರಾಜ್ಯದ ಯಾವ ಯಾರ್ಡಿನಲ್ಲೂ ಅವರಿಗೆ ಗೇಟು ತೆರೆಯುತ್ತಿರಲಿಲ್ಲ. ಅವರ ಆರೋಗ್ಯದ ಹಿತದೃಷ್ಟಿಯಿಂದಲಂತೆ. ಹೊಸಗುಡ್ಡದ ಸುತ್ತ ಅರವತ್ತು ಕಿಲೋಮೀಟರಿನಲ್ಲಿ ಯಾರ್ಡು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ ಎಂಬುದು ಆ ಹಿತದೃಷ್ಟಿಗೆ ಕಾಣಿಸಲಿಲ್ಲ.

ಪುಡಿ ಮಾಡುವ ಷೆಡ್ಡಿನಲ್ಲಿ ಭೂಮಿಕಮ್ಮ ಎಂಬುವಳು ಕೆಲಸ ಮಾಡುತ್ತಿದ್ದಳು. ವಯಸ್ಸು ನಲವತ್ತಮೂರು. ಹುಟ್ಟಿದಾಗ ಟೀವಿ ನೋಡಿ ಇಟ್ಟ ಹೆಸರು ಭೂಮಿಕಾ, ಈಗ ಕೂದಲು ನರೆತು ಭೂಮಿಕಮ್ಮ ಆಗಿದ್ದಳು. ಗಂಡ ಹಿಂದೂಪುರದ ಕಡೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಇದ್ದವಳು ಒಬ್ಬಳೇ ಮಗಳು, ತನ್ವಿ, ಹತ್ತೊಂಬತ್ತು ವರ್ಷ. ಅವಳೂ ಅದೇ ಷೆಡ್ಡಿನಲ್ಲಿ. ಕಂಪನಿಯ ಲೈನ್ ಮನೆ ಸಿಗಬೇಕಾದರೆ ಮನೆಯಲ್ಲಿ ಇಬ್ಬರು ದುಡಿಯುವವರಿರಬೇಕು ಎಂಬ ನಿಯಮವಿತ್ತು. ತನ್ವಿ ಸೇರಿದ ಮೊದಲ ವರ್ಷದಲ್ಲೇ ಎರಡು ಸಲ ಬೆಳ್ಳಗಾದಳು. ರಕ್ತಹೀನತೆ ಇರುವ ಹೆಣ್ಣುಮಕ್ಕಳ ಮೈ ಕಬ್ಬಿಣಕ್ಕಾಗಿ ಹಪಹಪಿಸುತ್ತಾ ಸಿಕ್ಕಿದ ಕ್ಯಾಡ್ಮಿಯಮ್ಮನ್ನೂ ಎಳೆದುಕೊಳ್ಳುತ್ತದೆ, ಅದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಇನ್ನೊಂದು ಸಲ ಬೆಳ್ಳಗಾದರೆ ಮಗಳ ಕೆಲಸ ಶಾಶ್ವತವಾಗಿ ಹೋಗುತ್ತದೆ, ಅದರ ಹಿಂದೆ ಮನೆಯೂ ಹೋಗುತ್ತದೆ. ಭೂಮಿಕಮ್ಮನಿಗೆ ಹಗಲೂ ಇರುಳೂ ಇದೊಂದೇ ಯೋಚನೆಯಾಗಿತ್ತು.

ಆ ಸಮಯದಲ್ಲೇ ಇಂಚರ ಯಾರ್ಡಿಗೆ ಬಂದು ಕೆಲಸದವರಿಗೆ ತಿಳಿವಳಿಕೆ ಕೊಟ್ಟಳು. ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿ, ಗೂಡು, ತಾಮ್ರ, ಟವೆಲ್ ಹಾಕುವ ಕ್ಯಾಡ್ಮಿಯಂ, ಎಲ್ಲವನ್ನೂ ಚಿತ್ರ ಬರೆದು ಹೇಳಿದಳು. ಅರ್ಧ ಜನ ಆಕಳಿಸುತ್ತಿದ್ದರು. ಮುಂದಿನ ಬೆಂಚಿನಲ್ಲಿದ್ದ ಭೂಮಿಕಮ್ಮ ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು.

“ಮೇಡಂ, ನಾನು ಭೂಮಿಕಮ್ಮ ಅಂತ. ಒಂದ್ ಮಾತ್ ಕೇಳ್ಲಾ?”

“ಕೇಳಿ, ಕೇಳಿ.”

“ಆ ಕೆಟ್ಟದ್ದು ಬಂದು ತಾಮ್ರನ ಎಬ್ಬಿಸ್ತದೆ ಅಂದ್ರಲ್ಲ. ಒಂದ್ ವೇಳೆ ತಾಮ್ರದೋರೇ ಜಾಸ್ತಿ ಜನ ಬಂದ್ರೆ? ಕೆಟ್ಟದ್ನ ಎಬ್ಬಿಸಿ ಇವ್ರು ಕೂರ್ತಾರಾ?”

ಇಂಚರಳಿಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು. “ಕೂರ್ತಾರೆ. ಇದನ್ನ ನಾವು ಪೈಪೋಟಿ ಅಂತೀವಿ. ಯಾರ ಸಂಖ್ಯೆ ಹೆಚ್ಚೋ ಅವರಿಗೆ ಸೀಟು. ನನ್ನ ವಿದ್ಯಾರ್ಥಿಗಳಿಗೇ ಈ ಪ್ರಶ್ನೆ ಹೊಳೆಯಲ್ಲ. ನೀವ್ಯಾಕೆ ಕಾಲೇಜಿಗೆ ಹೋಗ್ಲಿಲ್ಲ ಭೂಮಿಕಮ್ಮ?”

“ಬಸ್ ಇರ್ಲಿಲ್ಲ ಮೇಡಂ.”

ಎಲ್ಲರೂ ನಕ್ಕರು, ಇಂಚರಳೂ ನಕ್ಕಳು. ಅಲ್ಲಿಗೆ ಆ ಮಾತು ಮುಗಿಯಿತೆಂದುಕೊಂಡಳು. ಹಾಗೆ ನೋಡಿದರೆ ಆ ಪ್ರಶ್ನೆ ಅವಳಿಗೂ ಹೊಸದಲ್ಲ. ಪಟ್ಟಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಅವಳೇ ಒಂದು ಸಾಲು ಸೇರಿಸಿದ್ದಳು: ‘ಮೈಯಲ್ಲಿ ತಾಮ್ರ ವಿಪರೀತವಾದರೆ ಕ್ಯಾಡ್ಮಿಯಂ ಇದ್ದರೂ ಪಟ್ಟಿ ನೀಲಿಯಾಗಿಯೇ ಉಳಿಯಬಹುದು, ಆದರೆ ಅಂಥ ಸಂದರ್ಭ ನಿಜಜೀವನದಲ್ಲಿ ಸಂಭವಿಸದು.’ ನಿಜಜೀವನದ ಬಗ್ಗೆ ಇಷ್ಟು ಧೈರ್ಯವಾಗಿ ಮಾತಾಡಬೇಕಾದರೆ ಅದರಿಂದ ನೂರೈವತ್ತು ಕಿಲೋಮೀಟರ್ ದೂರ ಕೂತಿರಬೇಕು.

ಭೂಮಿಕಮ್ಮ ಮನೆಗೆ ಹೋದವಳೇ ಅಟ್ಟದಿಂದ ಒಂದು ತಪ್ಪಲೆ ಇಳಿಸಿದಳು. ಅವಳ ಅಜ್ಜಿಯ ಕಾಲದ್ದು, ತಾಮ್ರದ್ದು, ಒಳಗಿನ ಕಲಾಯಿ ಎಂದೋ ಸವೆದುಹೋಗಿತ್ತು. ಹುಳಿ ಪದಾರ್ಥ ತಾಮ್ರಕ್ಕೆ ತಾಗಿದರೆ ಹಸಿರು ಕಿಲುಬು ಏಳುತ್ತದೆ, ಅದು ಹೊಟ್ಟೆಗೆ ಹೋಗಬಾರದೆಂದೇ ಹಿಂದಿನವರು ಪಾತ್ರೆಯ ಒಳಗೆ ತವರದ ಕಲಾಯಿ ಹಾಕಿಸುತ್ತಿದ್ದರು. “ಕಲಾಯಿ ಇಲ್ದಿದ್ರಲ್ಲಿ ಮಜ್ಗೆ ಇಕ್ಕಬ್ಯಾಡ್ರೇ, ಕಿಲುಬಿ ಸತ್ತೋಗ್ತೀರ” ಎಂದು ಅಜ್ಜಿ ಬೈಯುತ್ತಿದ್ದುದು ಭೂಮಿಕಮ್ಮನಿಗೆ ಚೆನ್ನಾಗಿ ನೆನಪಿತ್ತು. ಮಾಡಬಾರದೆಂದು ಅಜ್ಜಿ ಹೇಳಿದ್ದನ್ನೇ ಅವಳು ಈಗ ಬೇಕೆಂದೇ ಮಾಡಿದಳು. ಹುಳಿ ಮಜ್ಜಿಗೆಯನ್ನು ಆ ತಪ್ಪಲೆಗೆ ಸುರಿದು ಎರಡು ದಿನ ಮುಚ್ಚಿಟ್ಟಳು. ಮೂರನೆಯ ದಿನ ಮುಚ್ಚಳ ತೆಗೆದಾಗ ಮಜ್ಜಿಗೆಯ ಅಂಚೆಲ್ಲ ಹಸಿರಾಗಿತ್ತು.

ಮೊದಲು ತಾನೇ ಅರ್ಧ ಲೋಟ ಕುಡಿದು ಕರುಳು ಕಿತ್ತುಬರುವ ಹಾಗೆ ವಾಂತಿ ಮಾಡಿಕೊಂಡಳು. ಮಾರನೆಯ ದಿನ ಕಾಲು ಲೋಟ, ಮತ್ತೆ ವಾಂತಿ. ಆಮೇಲೆ ಎರಡೇ ಚಮಚವನ್ನು ರಾಗಿ ಅಂಬಲಿಗೆ ಬೆರೆಸಿ ಬೆಳಗ್ಗೆ ಸಂಜೆ ಕುಡಿದು ನೋಡಿದಳು. ಹೊಟ್ಟೆ ತಡೆದುಕೊಂಡಿತು. ಆರನೆಯ ದಿನಕ್ಕೆ ಅವಳ ಮಣಿಕಟ್ಟಿನ ಮಾಸಲು ಪಟ್ಟಿ ಹೊಸ ಸೀರೆಯ ಹಾಗೆ ನೀಲಿಯಾಯಿತು. ಆದರೂ ಅವಸರ ಮಾಡಲಿಲ್ಲ. ತನಗೆ ಏನೂ ಆಗುವುದಿಲ್ಲವೆಂದು ಗಟ್ಟಿಯಾಗುವ ತನಕ ಇನ್ನೂ ಒಂದು ವಾರ ಕಾದಳು. ಇದಕ್ಕೆ ಪ್ರಯೋಗ ಎನ್ನದೆ ಇನ್ನೇನನ್ನುವುದು? ಇಂಚರಳಿಗೆ ಇಲಿಗಳಿದ್ದವು, ಭೂಮಿಕಮ್ಮನಿಗೆ ತನ್ನ ಹೊಟ್ಟೆಯಿತ್ತು.

ತನ್ವಿ ಮೊದಲ ಗುಟುಕಿಗೇ ಮುಖ ಕಿವುಚಿದಳು. “ಅವ್ವ, ಇದು ಕುಡಿಯಾಕಾಗಾಕಿಲ್ಲ. ಹಳೇ ಕಾಸು ನೆಕ್ಕಿದಂಗೆ ಆಯ್ತದೆ.”

“ಮೂಗ್ ಮುಚ್ಕೊಂಡು ಕುಡಿ. ಇನ್ನೊಂದ್ ಸಲ ಬೆಳ್ಳಗಾದ್ರೆ ಎಲ್ಲಿಗೋಗಾನ?”

“ಕಿಲುಬು ಅಂದ್ರೆ ವಿಸ ಅಂತ ಅಜ್ಜಿ ಹೇಳ್ತಿತ್ತು ಅಂತ ನೀನೇ ಅಂದಿದ್ದೆ.”

“ಷೆಡ್ಡಲ್ಲಿರಾದು ಅಮೃತಾನಾ? ಅದೂ ವಿಸನೇ ಕಣೆ. ಇದು ಎರಡು ಚಮಚ, ಅದು ಎಂಟು ಗಂಟೆ. ಕುಡಿ.”

ತನ್ವಿ ಕುಡಿದಳು. ಅವಳ ಪಟ್ಟಿಯೂ ನೀಲಿಯಾಯಿತು. ಪಕ್ಕದ ಮನೆಯವಳಿಗೆ ತಿಳಿಯಿತು, ಅವಳ ತಂಗಿಗೆ ತಿಳಿಯಿತು, ಎರಡು ತಿಂಗಳಲ್ಲಿ ಪುಡಿ ಷೆಡ್ಡಿನ ಉಳಿದ ಅರವತ್ತೆರಡು ಜನರಿಗೂ ತಿಳಿಯಿತು, ಅಲ್ಲಿ ಕೆಲಸ ಮಾಡುವವರೆಲ್ಲ ಹೆಂಗಸರೇ. ತಪ್ಪಲೆ ಇಲ್ಲದವರು ಫಲಕದ ವೈರುಗಳಿಂದ ಕಿತ್ತ ತಾಮ್ರದ ತಂತಿಯನ್ನೇ ಮಜ್ಜಿಗೆಯ ಕ್ಯಾನಿಗೆ ಹಾಕಿಟ್ಟರು. ಬೇರೆ ಷೆಡ್ಡಿನ ಗಂಡಸರಿಗೆ ಯಾರೂ ಹೇಳಲಿಲ್ಲ, ಅವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು. ಹಾಲಿಗೆ ಹೆಪ್ಪು ಹಾಕಿದಷ್ಟು ಸಲೀಸಾಗಿ ಆ ಕೆಲಸ ಮನೆಮನೆಯಲ್ಲಿ ನಡೆಯಿತು. ಅವರೆಲ್ಲ ಭೂಮಿಕಮ್ಮನನ್ನು ಈಗ ‘ಡಾಕ್ಟ್ರಮ್ಮ’ ಎಂದು ಛೇಡಿಸುತ್ತಿದ್ದರು. ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಇತ್ತ ಕಂಪನಿಯವರ ಕಣ್ಣಿಗೆ ಬೇರೆಯೇ ಕಂಡಿತು. ಪುಡಿ ಷೆಡ್ಡಿನಲ್ಲಿ ಧೂಳು ಹೀರುವ ನಾಲ್ಕು ದೊಡ್ಡ ಫ್ಯಾನುಗಳಿದ್ದವು, ಅವು ವಿಪರೀತ ಕರೆಂಟು ತಿನ್ನುತ್ತಿದ್ದವು. ಎರಡು ತಿಂಗಳಿಂದ ಷೆಡ್ಡಿನಲ್ಲಿ ಒಬ್ಬರೂ ಬೆಳ್ಳಗಾಗಿಲ್ಲ, ಅಂದಮೇಲೆ ಧೂಳೇ ಇಲ್ಲ, ಧೂಳಿಲ್ಲದ ಮೇಲೆ ಫ್ಯಾನೇಕೆ ಎಂದು ಅರ್ಜಿ ಹಾಕಿದರು. ತಪಾಸಣೆಗೆ ಬಂದ ಅಧಿಕಾರಿ ಮೂಗಿಗೆ ಕರ್ಚೀಫು ಹಿಡಿದುಕೊಂಡು ಷೆಡ್ಡು ಸುತ್ತಿ, ನೀಲಿ ಪಟ್ಟಿಗಳ ದಾಖಲೆ ನೋಡಿ, ಒಪ್ಪಿಗೆ ಕೊಟ್ಟ. ಮೊದಲು ಎರಡು ಫ್ಯಾನು ನಿಂತವು, ಆಮೇಲೆ ನಾಲ್ಕೂ. ಧೂಳು ಹೆಚ್ಚಿತು. ಪಟ್ಟಿಗಳು ಮಂಕಾಗತೊಡಗಿದವು. ಎರಡು ಚಮಚ ಸಾಲದೆ ನಾಲ್ಕಾಯಿತು, ನಾಲ್ಕು ಸಾಲದೆ ತನ್ವಿಗೆ ದಿನಕ್ಕೆ ಅರ್ಧ ಲೋಟವಾಯಿತು. ಅಷ್ಟು ಹೊತ್ತಿಗೆ ಅವಳಿಗೆ ವಾಂತಿಯೂ ಆಗುತ್ತಿರಲಿಲ್ಲ, ಮೈ ಒಗ್ಗಿಕೊಂಡಿತೆಂದು ಅವ್ವ ಸಮಾಧಾನಪಟ್ಟಳು.

ಐದನೆಯ ತಿಂಗಳ ಕೊನೆಗೆ ಇಂಚರ ಮತ್ತೆ ಬಂದಳು, ಜೊತೆಗೆ ದೆಹಲಿಯ ಇಬ್ಬರು ಅಧಿಕಾರಿಗಳು. ಹೊಸಗುಡ್ಡವನ್ನು ಮಾದರಿ ಯಾರ್ಡೆಂದು ತೋರಿಸಿ ಪಟ್ಟಿಯನ್ನು ಇನ್ನೂ ಹನ್ನೊಂದು ರಾಜ್ಯಗಳಿಗೆ ಕೊಡುವ ಏರ್ಪಾಡಿತ್ತು. ಗೇಟಿನ ಸಾಲಿನಲ್ಲಿ ನಿಂತಿದ್ದ ಕೈಗಳನ್ನು ನೋಡಿ ಅವಳಿಗೆ ಆಶ್ಚರ್ಯವಾಯಿತು. ಅಷ್ಟು ಗಾಢವಾದ ನೀಲಿಯನ್ನು ಅವಳು ಪ್ರಯೋಗಾಲಯದಲ್ಲೂ ಕಂಡಿರಲಿಲ್ಲ. ಒಂದು ಕ್ಷಣ ಏನೋ ಸರಿಯಿಲ್ಲ ಎನಿಸಿತು. ಹೊಸದಾಗಿ ತಯಾರಿಸಿದ ಪ್ರೋಟೀನು ಹಳೆಯದಕ್ಕಿಂತ ಚೆನ್ನಾಗಿ ಬಂದಿರಬೇಕು ಎಂದುಕೊಂಡಳು. ಸಂತೋಷವಾಗಿರುವವರಿಗೆ ಕಾರಣ ಬೇಗ ಸಿಗುತ್ತದೆ.

“ಹೇಗಿದೀರಿ ಭೂಮಿಕಮ್ಮ?”

“ನೀಲಿಯಾಗಿದ್ದೀವಿ ಮೇಡಂ.”

“ಇವಳು ನಿಮ್ಮ ಮಗಳಾ? ಕಣ್ಣು ಯಾಕೋ ಹಳದಿ ಇದೆಯಲ್ಲ. ಡಾಕ್ಟರಿಗೆ ತೋರಿಸಿದ್ರಾ?”

“ಬಿಸ್ಲಿಗೆ ಮೇಡಂ, ಉಷ್ಣ ಆಗೈತೆ.”

ಅಧಿಕಾರಿಗಳು ಕಾರಿನ ಹತ್ತಿರ ಕಾಯುತ್ತಿದ್ದರು. ಮರೆಯದೆ ತೋರಿಸಿ ಎಂದು ಹೇಳಿ ಇಂಚರ ಹೊರಟಳು.

ಮೂರು ವಾರದ ಮೇಲೆ ತನ್ವಿಗೆ ಊಟ ಸೇರದಾಯಿತು. ಮೂತ್ರ ಕಾಫಿ ಡಿಕಾಕ್ಷನ್ನಿನ ಹಾಗೆ ಹೋಗತೊಡಗಿತು. ಭೂಮಿಕಮ್ಮ ಅವಳನ್ನು ಯಾರ್ಡಿನ ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದಳು. ಡಾಕ್ಟರು ಮೊದಲು ನೋಡಿದ್ದು ಮುಖವನ್ನಲ್ಲ, ಮಣಿಕಟ್ಟನ್ನು.

“ಇಷ್ಟು ಚೆನ್ನಾಗಿ ನೀಲಿ ಇದೆಯಲ್ಲಮ್ಮ. ಲೋಹದ ತೊಂದರೆ ಏನೂ ಇಲ್ಲ. ಗ್ಯಾಸ್ಟ್ರಿಕ್ಕು. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು.”

ಭೂಮಿಕಮ್ಮನ ಪಾಡು ಬಾಯಿಗೆ ಬಿಸಿತುಪ್ಪ ಬಿದ್ದ ಹಾಗಾಯಿತು. ಹೇಳಿದರೆ ಅರವತ್ತೆರಡು ಮನೆಯ ಒಲೆ ಆರುತ್ತದೆ. ಹೇಳದಿದ್ದರೆ ಮಗಳು ಹೀಗೆ ಕೂತಿದ್ದಾಳೆ. ಮಾತ್ರೆ ಇಸಿದುಕೊಂಡು ಹೊರಗೆ ಬಂದಳು. ಮಾರನೆಯ ಬೆಳಗ್ಗೆ ತನ್ವಿ ಹಾಸಿಗೆಯಿಂದ ಏಳಲಿಲ್ಲ. ಆಗ ತಿಳಿವಳಿಕೆಯ ದಿನ ಇಂಚರ ಕೊಟ್ಟಿದ್ದ ಫೋನ್ ನಂಬರಿನ ಕಾರ್ಡನ್ನು ಹುಡುಕಿ ಬೆಂಗಳೂರಿಗೆ ಫೋನು ಮಾಡಿದಳು.

“ಮೇಡಂ, ನಾನು ಹೊಸಗುಡ್ಡದ ಭೂಮಿಕಮ್ಮ. ತಾಮ್ರ ಜಾಸ್ತಿ ಆದ್ರೆ ಏನಾಯ್ತದೆ ಅಂತ ಅವತ್ತು ಕೇಳಿದ್ನಲ್ಲ.”

“ಹೂಂ, ನೆನಪಿದೆ. ಹೇಳಿ.”

“ಪಟ್ಟಿಗಲ್ಲ. ಮನುಷ್ಯರಿಗೆ ಏನಾಯ್ತದೆ?”

ಇಂಚರ ಕುರ್ಚಿಯಿಂದ ಎದ್ದಳು. ಆ ಗಾಢ ನೀಲಿ, ಹಳದಿ ಕಣ್ಣು, ತಾನು ಬರೆದ ಸಾಲು, ಎಲ್ಲ ಒಟ್ಟಿಗೇ ತಿಳಿಯಿತು. “ಎಷ್ಟು ದಿನದಿಂದ? ಏನು ಕುಡಿಸಿದ್ರಿ?”

“ಆರು ತಿಂಗ್ಳಾಯ್ತು. ಕಿಲುಬು ಮಜ್ಗೆ. ಮೊದ್ಲು ಎರಡೇ ಚಮಚ. ಫ್ಯಾನ್ ನಿಲ್ಸಿದ್ಮೇಲೆ ಜಾಸ್ತಿ ಮಾಡಿದ್ವಿ.”

“ಫ್ಯಾನ್ ನಿಲ್ಲಿಸಿದಾರಾ?”

“ನಿಮ್ ಪಟ್ಟಿ ನೀಲಿ ಇತ್ತಲ್ಲ ಮೇಡಂ, ಅದಕ್ಕೆ.”

“ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ತಾಮ್ರ ಅಂತ ಹೇಳಿ. ಏನನ್ನೂ ಮುಚ್ಚಿಡಬೇಡಿ.”

“ಹೇಳಿದ್ರೆ ಮಿಕ್ಕೋರ್ನೆಲ್ಲ ಕೆಲ್ಸದಿಂದ ತೆಗೀತಾರೆ.”

“ಹೇಳದಿದ್ರೆ ಮಗಳು ಉಳಿಯಲ್ಲ ಭೂಮಿಕಮ್ಮ.”

ಭೂಮಿಕಮ್ಮ ಹೇಳಿದಳು. ಮೈಯಿಂದ ತಾಮ್ರವನ್ನು ಎಳೆದು ಮೂತ್ರದಲ್ಲಿ ಹೊರಹಾಕುವ ಔಷಧಿ ಇದೆ, ಅದನ್ನು ಕೊಟ್ಟರು. ಆದರೆ ಹೊರಹಾಕಬೇಕಾದ ಮೂತ್ರಪಿಂಡವನ್ನು ಷೆಡ್ಡಿನ ಧೂಳು ಮೊದಲೇ ಕೆಡಿಸಿತ್ತು, ಯಕೃತ್ತನ್ನು ಕಿಲುಬು ಕೆಡಿಸಿತ್ತು. ಒಂದು ವಿಷವನ್ನು ಮುಚ್ಚಿಡಲು ಇನ್ನೊಂದನ್ನು ಕುಡಿಸಿದ್ದಾಯಿತು, ಎರಡೂ ಸೇರಿ ಕೆಲಸ ಮುಗಿಸಿದವು. ನಾಲ್ಕನೆಯ ದಿನ ಮಧ್ಯಾಹ್ನ ತನ್ವಿ ತೀರಿಕೊಂಡಳು. ಅವ್ವನನ್ನು ಬೈಯಲಿಲ್ಲ. ಅದಾದ ವಾರಕ್ಕೆ ಭೂಮಿಕಮ್ಮನ ಜೊತೆಗೆ ಆ ಅರವತ್ತೆರಡು ಹೆಂಗಸರನ್ನೂ ಪಟ್ಟಿಗೆ ಮೋಸ ಮಾಡಿದ ತಪ್ಪಿಗೆ ಯಾರ್ಡಿನಿಂದ ಹೊರಗೆ ಹಾಕಿದರು. ಅವರಲ್ಲಿ ಕೆಲವರು ಭೂಮಿಕಮ್ಮನ ಮನೆಯ ಮುಂದೆ ಬಂದು ಮಣ್ಣು ತೂರಿ ಹೋದರು. ಅವಳು ಒಳಗೆ ಕೂತು ಕೇಳಿಸಿಕೊಂಡಳು.

ಇಂಚರ ಆ ಹದಿನೈದು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಪಶ್ಚಾತ್ತಾಪಕ್ಕೆ ವಿಜ್ಞಾನಿಗಳು ಕಂಡುಕೊಂಡ ಮದ್ದು ಒಂದೇ, ಇನ್ನೊಂದು ಉಪಕರಣ. ತಾಮ್ರ ಮಿತಿಮೀರಿದರೆ ಕೆಂಪಾಗುವ ಎರಡನೆಯ ಪಟ್ಟಿಯೊಂದನ್ನು ಅವಳು ಅವಸರದಲ್ಲಿ ರೂಪಿಸಿ, ಇನ್ನು ಮುಂದೆ ಯಾರೂ ಹೀಗೆ ಸಾಯಬಾರದು ಎಂದು ಬರೆದು ಇಲಾಖೆಗೂ ಕಂಪನಿಗೂ ಕಳಿಸಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ವಿಚಾರಣೆ ತಾಲ್ಲೂಕು ಕಚೇರಿಯ ಒಂದು ಕೋಣೆಯಲ್ಲಿ ನಡೆಯಿತು. ಮೇಜಿನ ಆಚೆ ಕಾರ್ಮಿಕ ಇಲಾಖೆಯ ಅಧಿಕಾರಿ ಮತ್ತು ಹೇಳಿಕೆ ದಾಖಲಿಸುವ ಟೈಪಿಸ್ಟ್, ಈಚೆ ಕಂಪನಿಯ ವಕೀಲ ಮತ್ತು ಇಂಚರ, ಗೋಡೆಯ ಪಕ್ಕದ ಬೆಂಚಿನಲ್ಲಿ ಭೂಮಿಕಮ್ಮ. ವಕೀಲ ದಾಖಲೆ ತೆಗೆದು ತೋರಿಸಿದ. ತನ್ವಿಯ ಪಟ್ಟಿ ಸತತವಾಗಿ ನೂರ ಎಪ್ಪತ್ತು ದಿನ ನೀಲಿಯಾಗಿತ್ತು. ಷೆಡ್ಡಿನಲ್ಲಿ ಧೂಳಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದ.

“ಆ ನೀಲಿ ಸುಳ್ಳು” ಎಂದಳು ಇಂಚರ. “ಧೂಳು ಇತ್ತು. ಅವಳ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ತುಂಬಿತ್ತು. ನನ್ನ ಪಟ್ಟಿ ಅದನ್ನ ತೋರಿಸಲಿಲ್ಲ, ಅಷ್ಟೇ. ಆ ಆರು ತಿಂಗಳ ದಾಖಲೆಯನ್ನ ನಂಬಬೇಡಿ ಅಂತ ನಾನೇ ಬರೆದುಕೊಡ್ತೀನಿ.”

“ಡಾಕ್ಟ್ರೇ,” ಎಂದ ವಕೀಲ, “ಇಂಥ ಸಂದರ್ಭ ನಿಜಜೀವನದಲ್ಲಿ ಸಂಭವಿಸದು ಅಂತ ನಿಮ್ಮ ಪ್ರಬಂಧದಲ್ಲಿ ಇದೆಯಲ್ಲ. ಇದು ನಿಮ್ಮದೇ ವಾಕ್ಯ ತಾನೆ?”

“ನನ್ನದೇ. ತಪ್ಪು ವಾಕ್ಯ.”

“ಅಂದರೆ ತಜ್ಞರಿಗೇ ಹೊಳೆಯದ್ದು ಕಂಪನಿಗೆ ಹೇಗೆ ಹೊಳೀಬೇಕು? ಆ ಹುಡುಗಿ ಸತ್ತಿದ್ದು ತಾಯಿ ಕೈಯಾರೆ ಕೊಟ್ಟ ಮಜ್ಜಿಗೆಯಿಂದ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ ಸಾರ್.” ವಕೀಲ ಇನ್ನೊಂದು ಹಾಳೆ ಮುಂದಿಟ್ಟ. “ಆದರೂ ಕಂಪನಿ ಮಾನವೀಯತೆಯಿಂದ ಡಾಕ್ಟರ ಹೊಸ ಪಟ್ಟಿಯನ್ನ ಕೂಡಲೇ ಜಾರಿಗೆ ತರುತ್ತೆ. ಮುಂದೆ ಯಾರು ಕಿಲುಬು ಕುಡಿದು ಬಂದರೂ ಗೇಟಿನಲ್ಲೇ ಸಿಕ್ಕಿಬೀಳ್ತಾರೆ. ಒಂದು ಸಲ ಕೆಂಪಾದರೆ ಸಾಕು, ಹೊರಗೆ.”

ತಾನು ಕಳಿಸಿದ ಕಾಗದ ಆ ಹಾಳೆಗೆ ಪಿನ್ ಆಗಿರುವುದನ್ನು ಇಂಚರ ನೋಡಿದಳು. ಉಳಿಸಲೆಂದು ಬರೆದದ್ದು ಹಿಡಿಯುವ ಬೋನಾಗಿತ್ತು. ಅವಳಿಗೆ ನಾಚಿಕೆಯಾಯಿತು. ಅಧಿಕಾರಿ ಎಲ್ಲ ಮುಗಿಯಿತೆನ್ನುವ ಹಾಗೆ ಬೆಂಚಿನ ಕಡೆ ತಿರುಗಿದ.

“ಏನಮ್ಮಾ, ನೀನೇನಾದರೂ ಹೇಳೋದಿದೆಯಾ?”

“ಹೇಳಾದಿಲ್ಲ ಸಾಮಿ. ಮೇಡಂನ ಒಂದ್ ಮಾತ್ ಕೇಳ್ಬೇಕು.” ಭೂಮಿಕಮ್ಮ ಎದ್ದು ನಿಂತಳು. ಅವಳ ದನಿಯಲ್ಲಿ ಅಳು ಇರಲಿಲ್ಲ. “ಮೇಡಂ, ನಿಮ್ ಪಟ್ಟಿ ಮನುಷ್ಯರ ಮೈ ಮೇಲೆ ಮಾತ್ರನಾ ಕೆಲ್ಸ ಮಾಡಾದು? ಷೆಡ್ಡಿನ ಗೋಡೆಗೆ ಅಂಟಿಸಿದ್ರೆ ಮಾಡಾಕಿಲ್ವಾ?”

ಇಂಚರ ಮನಸ್ಸಿನಲ್ಲೇ ಅದನ್ನು ಜೋಡಿಸಿ ನೋಡಿದಳು. ಒಂದು ಬಟ್ಟಲು ನೀರಿಗೆ ಒಂದಿಷ್ಟು ಹುಳಿ ಸೇರಿಸಿ ಗೋಡೆಯ ಬಳಿ ಇಟ್ಟು, ಗಾಳಿಯ ಧೂಳು ಅದರಲ್ಲಿ ಬಿದ್ದು ಕರಗುವ ಹಾಗೆ ಮಾಡಿದರೆ ಸಾಕು. ಸೂಜಿ ಬೇಡ, ಚರ್ಮ ಬೇಡ, ರಕ್ತ ಬೇಡ.

“ಮಾಡುತ್ತೆ” ಎಂದಳು. “ಮೈ ಮೇಲಿಗಿಂತ ಸುಲಭವಾಗಿ ಮಾಡುತ್ತೆ.”

“ಗೋಡೆ ಮಜ್ಗೆ ಕುಡಿಯಾಕಿಲ್ಲ ಮೇಡಂ. ಗೋಡೆಗೆ ಮನೆ ಬಿಟ್ಟೋಗೋ ಭಯ ಇಲ್ಲ. ಮತ್ಯಾಕೆ ಗೋಡೆಗೆ ಅಂಟಿಸ್ಲಿಲ್ಲ? ನಾವ್ ಬೆಳ್ಳಗಾದ್ರೆ ನಮ್ನ ನಿಲ್ಲಿಸ್ಬೋದು, ಗೋಡೆ ಬೆಳ್ಳಗಾದ್ರೆ ಮಿಷಿನ್ ನಿಲ್ಲಿಸ್ಬೇಕಾಯ್ತದೆ ಅಂತನಾ?”

ಇಂಚರ ಏಳು ವರ್ಷ ಆ ಪ್ರೋಟೀನಿನ ಜೊತೆ ಬದುಕಿದ್ದಳು, ಅದರ ಗೂಡಿನಲ್ಲಿ ಯಾವ ಪರಮಾಣು ಯಾವ ಕೋನದಲ್ಲಿ ಕೂರುತ್ತದೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಪಟ್ಟಿಯನ್ನು ಎಡಗೈಗೆ ಅಂಟಿಸುವುದೋ ಬಲಗೈಗೋ, ಮಣಿಕಟ್ಟಿಗೋ ತೋಳಿಗೋ ಎಂದು ಎಷ್ಟೋ ಸಭೆಗಳಲ್ಲಿ ಚರ್ಚೆಯಾಗಿತ್ತು. ಗೋಡೆ ಎಂಬ ಪದವನ್ನು ಅಲ್ಲಿ ಯಾರೂ ಆಡಿರಲಿಲ್ಲ, ಅವಳೂ ಆಡಿರಲಿಲ್ಲ. ಕೆಟ್ಟ ಉದ್ದೇಶವಿದ್ದವರು ಮರೆಮಾಚಿದ್ದರೆ ಬೇರೆ ಮಾತು; ಒಳ್ಳೆಯ ಉದ್ದೇಶದವರಿಗೇ ಅದು ತೋಚಲಿಲ್ಲ. ಅದು ಅವಳನ್ನು ಹೆಚ್ಚು ಹೆದರಿಸಿತು.

ಟೈಪಿಸ್ಟ್ ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು ಅಧಿಕಾರಿಯ ಮುಖ ನೋಡಿದ. ಇದು ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ, ದಾಖಲಿಸುವ ಅಗತ್ಯವಿಲ್ಲ ಎಂದು ಅಧಿಕಾರಿ ಹೇಳಿದ. ಟೈಪಿಸ್ಟ್ ಕೈ ತೆಗೆದ.

ಲೆಕ್ಕ ಹಾಕಿ ನೋಡಿದರೆ, ೨೦೫೯ಕ್ಕೆ ನಲವತ್ತಮೂರಾಗುವ ಆ ಭೂಮಿಕಮ್ಮ ಈ ಕತೆ ಬರೆಯುತ್ತಿರುವ ಇವತ್ತು ನಾಲ್ಕನೇ ಕ್ಲಾಸಿನ ಹುಡುಗಿ. ಅವಳು ಮುಂದೆ ಒಡೆಯಲಿರುವ ಫಲಕಗಳು ಈಗಷ್ಟೇ ಲಾರಿಯಿಂದ ಇಳಿದು ಬಯಲಿನಲ್ಲಿ ಥಳಥಳ ಹೊಳೆಯುತ್ತಿವೆ. ಒಡೆಯುವ ಷೆಡ್ಡಿನ ಗೋಡೆಗಳನ್ನು ಇನ್ನೂ ಯಾರೂ ಕಟ್ಟಿಲ್ಲ.